ಎರೆಬನ್ನಿಕಟ್ಟೆಯ ಪ್ರತಿನಿಧಿ ರೋಗಿ

ಮಾಹಿತಿ ತಂತ್ರಜ್ಞಾನ ಮತ್ತು ಆರೋಗ್ಯ ಸೇವೆ ಎರಡನ್ನೂ ಒಗ್ಗೂಡಿಸಿದ ವೃತ್ತಿಗಳಲ್ಲಿ ನಮ್ಮ ಎರೆಬನ್ನಿಕಟ್ಟೆಯಲ್ಲಿ ಈಗ ಇಬ್ಬರು ಹೆಂಗಸರು ಸೇವೆ ಸಲ್ಲಿಸುತ್ತಿದ್ದಾರೆ. ಒಬ್ಬಳು ಆರೋಗ್ಯ ದತ್ತಾಂಶ ಸಂಯೋಜಕಿ. ಇನ್ನೊಬ್ಬಳು ರೋಗಿ. ಎರಡೂ ಹೊರಗುತ್ತಿಗೆ ಹುದ್ದೆಗಳೇ. ಮೊದಲನೆಯದಕ್ಕೆ ಡಿಪ್ಲೊಮಾ ಬೇಕು, ಎರಡನೆಯದಕ್ಕೆ ಗಟ್ಟಿಮುಟ್ಟಾದ ಆರೋಗ್ಯ ಬೇಕು. ಈ ಎರಡನೆಯ ಹುದ್ದೆ ಹುಟ್ಟಿದ ಬಗೆಯನ್ನು ಬಸ್ ಸ್ಟ್ಯಾಂಡಿನಲ್ಲಿ ಜನ ಬಾಯಿಗೆ ಬಂದಂತೆ ಆಡಿಕೊಳ್ಳುತ್ತಿರುವುದರಿಂದ, ಆರೋಗ್ಯ ಕೇಂದ್ರದ ರಕ್ಷಾ ಸಮಿತಿಯ ಸದಸ್ಯನಾದ ಹುಲುಗಣ್ಣ ಎಂಬ ನಾನು, ನಡೆದದ್ದನ್ನು ನಡೆದ ಹಾಗೆಯೇ ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ನಾನು ಸಮಿತಿಯ ಸದಸ್ಯನಾದದ್ದು ಸೇವೆಯಿಂದಲ್ಲ, ಸ್ಥಳದಿಂದ. ಆರೋಗ್ಯ ಕೇಂದ್ರದ ಗೇಟಿನ ಎದುರಿಗೇ ನನ್ನ ಝೆರಾಕ್ಸ್ ಅಂಗಡಿ ಇದೆ. ಸಭೆಗೆ ಕೋರಂ ಕಡಿಮೆ ಬಿದ್ದಾಗ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿರುವ ಗಣ್ಯ ವ್ಯಕ್ತಿ ನಾನೊಬ್ಬನೇ. ಆಸ್ಪತ್ರೆ ಸಂಪೂರ್ಣ ಕಾಗದರಹಿತವಾಗುತ್ತದೆ ಎಂದು ಘೋಷಣೆಯಾದ ದಿನ ನನ್ನ ಎದೆ ಧಸಕ್ಕೆಂದಿತ್ತು. ಆದರೆ ಕಾಗದರಹಿತ ವ್ಯವಸ್ಥೆಗೆ ಹೆಸರು ಸೇರಿಸಬೇಕಾದರೆ ಪ್ರತಿಯೊಬ್ಬರೂ ಎಲ್ಲ ದಾಖಲೆಗಳ ಎರಡೆರಡು ಝೆರಾಕ್ಸ್ ಕೊಡಬೇಕೆಂದು ತಿಳಿದ ಮೇಲೆ ಸಮಾಧಾನವಾಗಿ ಇನ್ನೊಂದು ಮಷೀನು ತಂದೆ. ಅಂದಿನಿಂದ ತಂತ್ರಜ್ಞಾನದ ಬಗ್ಗೆ ನನ್ನಲ್ಲಿ ಗೌರವ ಬೆಳೆದಿದೆ.

ಇಲ್ಲಿ ನಮ್ಮೂರಿನ ಒಂದು ಪದ್ಧತಿಯನ್ನು ಹೇಳಬೇಕು. ಎರೆಬನ್ನಿಕಟ್ಟೆ ಕೊಟ್ಟೂರಿನಿಂದ ಕೂಡ್ಲಿಗಿ ಕಡೆ ಹೋಗುವಾಗ, ಕಂಡಕ್ಟರ್ ಮನಸ್ಸು ಮಾಡಿದರೆ ಸಿಗುವ ಊರು. ರಸ್ತೆಯ ಪಕ್ಕದಲ್ಲಿ ಶಾಲೆ, ಶಾಲೆಯ ಪಕ್ಕದಲ್ಲಿ ಆರೋಗ್ಯ ಕೇಂದ್ರ. ಜನ ಇರುವುದು ಮಾತ್ರ ಹಳ್ಳದ ಆಚೆಯ ಅಗಸಿ ಓಣಿಯಲ್ಲಿ. ಹೀಗಾಗಿ ನಮ್ಮಲ್ಲಿ ರೋಗ ಬಂದವರು ಆಸ್ಪತ್ರೆಗೆ ಬರುವ ರೂಢಿಯಿಲ್ಲ. ಬಿಸಿಲಲ್ಲಿ ಹಳ್ಳ ದಾಟಿ ನಡೆದು ಬರಬಲ್ಲವನಿಗೆ ರೋಗವೇನು ಬಂತು, ರೋಗ ಬಂದವನು ಅಷ್ಟು ದೂರ ನಡೆಯುವುದಾದರೂ ಹೇಗೆ ಎಂಬುದು ಹಿರಿಯರ ವಾದ. ಇದಕ್ಕೆ ಇದುವರೆಗೆ ಯಾವ ವೈದ್ಯರೂ ಉತ್ತರ ಕೊಟ್ಟಿಲ್ಲ. ಆದ್ದರಿಂದ ಆ ಕಡೆ ಹೇಗೂ ಹೋಗುವವರು ಯಾರೋ ಅವರೇ ಉಳಿದವರ ರೋಗವನ್ನೂ ಹೇಳಿ ಗುಳಿಗೆ ತರುತ್ತಾರೆ. ಸಂತೆಗೆ ಹೊರಟವರ ಕೈಗೆ ಚೀಲ ಕೊಟ್ಟು ನಮ್ಮ ಮನೆಗೂ ಉಳ್ಳಾಗಡ್ಡಿ ತಾ ಅನ್ನುವುದಿಲ್ಲವೇ, ಹಾಗೆ.

ಅಗಸಿ ಓಣಿಯಿಂದ ದಿನಾ ಆ ಕಡೆ ಹೋಗುವವಳು ಅಂಜಿನಕ್ಕ. ಶಾಲೆಯಲ್ಲಿ ಬಿಸಿಯೂಟ ಶುರುವಾದಾಗಿನಿಂದ ಅಡುಗೆ ಅವಳದೇ. ಮಕ್ಕಳು ಉಂಡು ತಟ್ಟೆ ತೊಳೆದ ಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪಕ್ಕದ ಆಸ್ಪತ್ರೆಗೆ ಹೋಗಿ, ಓಣಿಯವರ ರೋಗಗಳನ್ನು ಒಂದೊಂದಾಗಿ ಹೇಳುತ್ತಿದ್ದಳು. ಬರೀ ಹೇಳುವುದಲ್ಲ, ಮಾಡಿ ತೋರಿಸುವಳು. ಮೋಟರ್ ರಿಪೇರಿಯ ಯೂಸುಫ್ ಸಾಬರ ದಮ್ಮು ಹೇಳುವಾಗ ಗೋಡೆ ಹಿಡಿದು ಸುಯ್ ಸುಯ್ ಎಂದು ಉಸಿರೆಳೆದು ತೋರಿಸಿದರೆ ಹೊಸದಾಗಿ ಬಂದ ನರ್ಸುಗಳು ಆಕ್ಸಿಜನ್ ಸಿಲಿಂಡರಿಗೆ ಓಡಿದ್ದುಂಟು. ಸ್ವತಃ ಅವಳಿಗೆ ಮಾತ್ರ ನನಗೆ ನೆನಪಿರುವ ಮಟ್ಟಿಗೆ ಒಂದು ನೆಗಡಿಯೂ ಬಂದಿಲ್ಲ.

ಹೀಗಿರುವಾಗ 'ಒಂದು ಮುಖ, ಒಂದು ಆರೋಗ್ಯ' ಯೋಜನೆ ಬಂತು. ಆಸ್ಪತ್ರೆಯಲ್ಲಿ ಕಂಪ್ಯೂಟರ್ ಕೂತಿತು, ಕಂಪ್ಯೂಟರಿನ ತಲೆಯ ಮೇಲೆ ಕ್ಯಾಮೆರಾ ಕೂತಿತು, ಅದರ ಮುಂದೆ ಹರಪನಹಳ್ಳಿಯ ಸಂಗೀತಾ ಬಂದು ಕೂತಳು. ಹುಡುಗಿ ಚುರುಕು. ಆರೋಗ್ಯ ಮಾಹಿತಿ ತಂತ್ರಜ್ಞಾನದಲ್ಲಿ ಡಿಪ್ಲೊಮಾ ಮಾಡಿದ್ದಳು. ಮುಂದಿನ ಜಗತ್ತೆಲ್ಲ ಈ ಎರಡೂ ಕಲಿತವರದೇ ಎಂದು ಕಾಲೇಜಿನವರು ಹೇಳಿದ್ದರಂತೆ. ಒಂದೂ ಖಾನೆ ಖಾಲಿ ಬಿಡದೆ ತುಂಬಿದರೆ ಮಾತ್ರ ಅವಳ ಗುತ್ತಿಗೆ ಮುಂದುವರಿಯುತ್ತಿತ್ತು. ಹಾಗಾಗಿ ಅವಳು ಖಾಲಿ ಖಾನೆಯನ್ನು ಕಂಡರೆ ಹಾವು ಕಂಡಂತೆ ಬೆಚ್ಚುತ್ತಿದ್ದಳು.

ಮೊದಲ ದಿನವೇ ಅಂಜಿನಕ್ಕ ಎಂದಿನಂತೆ ಬಂದು ಸುಯ್ ಸುಯ್ ಮಾಡಿದಳು.

"ದಮ್ಮು ಐತೇನಕ್ಕ?" ಎಂದಳು ಸಂಗೀತಾ.

"ನನಗಲ್ಲವಾ, ಯೂಸುಫ್ ಚಾಚಾಗ."

"ಅವರು ಎಲ್ಲಿ?"

"ಮನ್ಯಾಗ ಅದಾರ. ದಮ್ಮು ಐತಲ್ಲ, ಹೆಂಗ ಬರ್ತಾರ?"

ಸಂಗೀತಾ ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿದಳು. "ಅಕ್ಕ, ಇದ್ರಲ್ಲಿ ಏನು ರೋಗ ಅನ್ನೋ ಖಾನೆ ಐತೆ. ಯಾರಿಗೆ ಅನ್ನೋ ಖಾನೆ ಇಲ್ಲ. ಕ್ಯಾಮೆರಾ ಮುಂದೆ ಯಾರು ನಿಂತಿರ್ತಾರೋ ಅವರೇ ಪೇಷಂಟು."

"ಅಂದ್ರ ಗುಳಿಗಿ ಕೊಡಂಗಿಲ್ಲೇನು?"

"ಕೊಡ್ತೀವಿ. ಆದ್ರೆ ನಿಮ್ಮ ಹೆಸರಿಗೆ."

"ನನ್ನ ಹೆಸರಿಗಾದ್ರ ಏನು, ನುಂಗೋರು ಚಾಚಾನ ಅಲ್ಲೇನು? ಬರ್ಕೋ ಬರ್ಕೋ," ಎಂದು ಅಂಜಿನಕ್ಕ ಕ್ಯಾಮೆರಾದ ಕಡೆ ನೋಡಿ ಫೋಟೋಕ್ಕೆ ನಿಂತ ಹಾಗೆ ಸೆರಗು ಸರಿಮಾಡಿಕೊಂಡಳು.

ವ್ಯವಸ್ಥೆ ಸುಗಮವಾಗಿ ನಡೆಯಿತು. ಪಕ್ಕದ ಮನೆಯ ಹೊನ್ನೂರಮ್ಮನ ಸಕ್ಕರೆ ಕಾಯಿಲೆ ಅಂಜಿನಕ್ಕನಿಗೆ ಬಂತು. ಅದೇ ಹೊನ್ನೂರಮ್ಮನ ಕೈಯ ಕಜ್ಜಿಯೂ ಬಂತು. ಓಣಿಯ ಬಿಪಿ, ವಾಯು, ಕೆಮ್ಮು, ನಾಯಿ ಕಡಿತ ಎಲ್ಲವೂ ಬಂದವು. ಗಂಡ ಬೊಮ್ಮಯ್ಯನಿಗೆ ಮೂತ್ರ ಕಟ್ಟುವ, ಗಂಡಸರಿಗಷ್ಟೇ ಬರುವ ಒಂದು ತೊಂದರೆ ಇತ್ತು. ಅದನ್ನು ಒತ್ತಿದಾಗ ಮಾತ್ರ ಕಂಪ್ಯೂಟರ್ ಒಂದು ಕ್ಷಣ ತಡೆದು, 'ಈ ರೋಗ ಮಹಿಳೆಯರಿಗೆ ಬರುವುದಿಲ್ಲ. ಆದಾಗ್ಯೂ ಮುಂದುವರಿಯಬೇಕೆ?' ಎಂದು ಸೌಜನ್ಯದಿಂದ ಕೇಳಿತು. ಸಂಗೀತಾ 'ಹೌದು' ಒತ್ತಿದಳು. ಕಂಪ್ಯೂಟರಿಗೆ ಇನ್ನು ಯಾವ ತಕರಾರೂ ಇರಲಿಲ್ಲ.

ಓಣಿಯ ಮಾಲಾ ಬಸುರಿಯಾದಳು. ಬೆಳಿಗ್ಗೆ ಎದ್ದರೆ ವಾಂತಿ, ಹಳ್ಳ ದಾಟುವುದು ದೂರದ ಮಾತು. ಅವಳಿಗೆ ಕಬ್ಬಿಣಾಂಶದ ಗುಳಿಗೆ ತರಲು ಅಂಜಿನಕ್ಕ ಹೋದಳು. ಆ ಗುಳಿಗೆ ಬೇಕೆಂದರೆ 'ಗರ್ಭಿಣಿ' ಎಂಬಲ್ಲಿ ಹೌದು ಎನ್ನಬೇಕಿತ್ತು, ಹೌದು ಎನ್ನಲಾಯಿತು. ಮರುದಿನದಿಂದ ಅಂಜಿನಕ್ಕನ ಫೋನಿಗೆ ಒಬ್ಬ ಹೆಂಗಸಿನ ಇಂಪಾದ ಧ್ವನಿ ಬರತೊಡಗಿತು. 'ಅಭಿನಂದನೆಗಳು! ನಿಮ್ಮ ಮಗು ಈಗ ನಿಂಬೆಹಣ್ಣಿನಷ್ಟು ದೊಡ್ಡದಾಗಿದೆ.' ಫೋನ್ ಎತ್ತಿದವನು ಬೊಮ್ಮಯ್ಯ. ಮೊಮ್ಮಗಳನ್ನು ಆಡಿಸುವ ವಯಸ್ಸಿನಲ್ಲಿ ಈ ಸುದ್ದಿ ಕೇಳಿ ಅವನು ಕಟ್ಟೆಯ ಮೇಲೇ ಕುಳಿತುಬಿಟ್ಟ.

"ಏನಲೇ ಇದು?" ಎಂದ.

"ನಿನ್ನ ಗಂಡಸರ ರೋಗನ ನನಗ ಬಂದೈತಿ, ಇದೊಂದು ಹೆಚ್ಚೇನು? ಸುಮ್ಮನ ರೊಟ್ಟಿ ತಿನ್ನು," ಎಂದಳು ಅಂಜಿನಕ್ಕ.

ಬೊಮ್ಮಯ್ಯ ಸುಮ್ಮನೆ ರೊಟ್ಟಿ ತಿಂದ. ನ್ಯಾಯಯುತವಾದ ಮಾತಿಗೆ ಎದುರಾಡುವ ಸ್ವಭಾವ ಅವನದಲ್ಲ.

ಇದಾಗಿ ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳ ದತ್ತಾಂಶವನ್ನು ಒಂದೇ ಕಡೆ ಸುರಿದು, ಯಾವ ರೋಗಿಗೆ ಎಷ್ಟು ಅಪಾಯವೆಂದು ಸೋಮವಾರಕ್ಕೊಮ್ಮೆ ಅಂಕ ಕೊಡುವ ಪದ್ಧತಿ ಜಾರಿಗೆ ಬಂತು. ಮೊದಲ ಸೋಮವಾರವೇ ಅಂಜಿನಕ್ಕ ಐದು ತಾಲ್ಲೂಕಿಗೆ ಪ್ರಥಮ ಬಂದಳು. ಎರಡನೆಯ ಸ್ಥಾನ ಹಲವಾಗಲಿನ ಕಡೆಯ ಒಬ್ಬ ಮುದುಕರಿಗೆ ಬಂದಿತ್ತು, ಆದರೆ ಅವರು ತೀರಿಕೊಂಡು ಕೆಲವು ದಿನಗಳಾಗಿದ್ದವು. ಬದುಕಿರುವವರಲ್ಲಿ ನಮ್ಮವಳ ಹತ್ತಿರಕ್ಕೆ ಬರುವವರೇ ಇರಲಿಲ್ಲ. ನಮ್ಮೂರು ಕಬಡ್ಡಿಯಲ್ಲೂ ಎಂದೂ ಪ್ರಥಮ ಬಂದದ್ದಿಲ್ಲ. ಸಮಿತಿಯ ವತಿಯಿಂದ ಒಂದು ಫ್ಲೆಕ್ಸ್ ಹಾಕಿಸಿದೆವು, ನನ್ನ ಫೋಟೋವೂ ಮೂಲೆಯಲ್ಲಿತ್ತು.

ಫ್ಲೆಕ್ಸಿನ ಮೊಳೆ ಹೊಡೆದು ಮುಗಿಯುವ ಮೊದಲೇ ಶಾಲೆಗೆ ಒಂದು ಆದೇಶ ತಾನಾಗಿಯೇ ಬಂತು. ತಾನಾಗಿಯೇ ಎಂದರೆ ನಿಜಕ್ಕೂ ತಾನಾಗಿಯೇ, ಅದನ್ನು ಯಾರೂ ಬರೆದಿರಲಿಲ್ಲ. ಒಂದು ಇಲಾಖೆಯ ಕಂಪ್ಯೂಟರ್ ಇನ್ನೊಂದು ಇಲಾಖೆಯ ಕಂಪ್ಯೂಟರಿಗೆ ಹೇಳಿತ್ತು. 'ಕಜ್ಜಿ, ದೀರ್ಘ ಕೆಮ್ಮು, ದಮ್ಮು ಹಾಗೂ ಇನ್ನಿತರ ರೋಗಗಳಿಂದ ಬಳಲುತ್ತಿರುವ, ತುಂಬು ಗರ್ಭಿಣಿಯಾದ ಸದರಿ ಅಡುಗೆ ಸಿಬ್ಬಂದಿಯನ್ನು ಮಕ್ಕಳ ಹಿತದೃಷ್ಟಿಯಿಂದ ತಕ್ಷಣ ಬಿಡುಗಡೆಗೊಳಿಸಿ, ಯಾವುದೇ ರೋಗ ದಾಖಲಾಗಿರದ ಬೇರೊಬ್ಬ ಮಹಿಳೆಯನ್ನು ನೇಮಿಸತಕ್ಕದ್ದು.'

ಹೆಡ್‌ಮಾಸ್ತರರು ಕಂಪ್ಯೂಟರಿನಲ್ಲಿ ಹುಡುಕಿಸಿದರು. ಅಗಸಿ ಓಣಿಯಲ್ಲಿ ಯಾವ ರೋಗವೂ ದಾಖಲಾಗಿರದ ಹೆಂಗಸರು ಹೇರಳವಾಗಿ ಸಿಕ್ಕರು, ಏಕೆಂದರೆ ಅವರ ರೋಗಗಳೆಲ್ಲ ಅಂಜಿನಕ್ಕನ ಹತ್ತಿರ ಇದ್ದವು. ಪಟ್ಟಿಯ ಮೊದಲ ಹೆಸರೇ ಹೊನ್ನೂರಮ್ಮ. ಹೊನ್ನೂರಮ್ಮನ ಕೈಯಲ್ಲಿ ಕಜ್ಜಿಯಿತ್ತು, ದಾಖಲೆಯಲ್ಲಿ ಇರಲಿಲ್ಲ. ಹೀಗಾಗಿ ಮಕ್ಕಳ ಹಿತದೃಷ್ಟಿಯಿಂದ ಅವಳನ್ನು ನೇಮಿಸಲಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವ ಕಂಪ್ಯೂಟರೂ ಇಲ್ಲದೆ ಕಟ್ಟಿದ್ದರು, ಆದರೆ ಎತ್ತನ್ನು ಹೊಸ ಕೆಲಸಕ್ಕೆ ಹೂಡುವ ಭಾಗ ಅವರಿಗೆ ಹೊಳೆದಿರಲಿಲ್ಲ.

ಆ ದಿನ ಅಂಜಿನಕ್ಕ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕುಳಿತಳು. ಶಾಲೆಯ ಅಡುಗೆಮನೆಯ ಹೊಗೆ ಅಲ್ಲಿಂದ ಕಾಣುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

"ಹುಲುಗಣ್ಣ, ಹೊನ್ನೂರಿಗೆ ಅಷ್ಟು ಮಂದಿಗೆ ಅಡಿಗಿ ಮಾಡಿ ರೂಢಿ ಇಲ್ಲ. ನೋಡು, ಹಸಿ ಕಟ್ಟಿಗಿ ಹಾಕ್ಯಾಳ. ಸಾರು ಹೊಗಿ ನಾತ ಹೊಡಿತೈತಿ, ಹುಡುಗರು ಅರ್ಧ ತಟ್ಟಿ ಬಿಟ್ಟು ಏಳ್ತಾವ."

"ನೀನು ಹೋಗಿ ಹೇಳಿಕೊಡಬಾರದಾ?"

"ಒಳಗ ಬಿಡಂಗಿಲ್ಲ. ನನಗ ರೋಗ ಐತಂತ." ಅವಳು ಹೊಗೆಯ ಕಡೆ ಕೈ ಮಾಡಿದಳು. "ಮನಿ ನಡಿಯೋದು ಆ ಪಗಾರದಾಗ ಅನ್ನೋದು ಒಂದು. ಆದ್ರ ನನ್ನ ಒಲಿ ಮುಂದ ಇನ್ನೊಬ್ಬಾಕಿ ನಿಂತಿರೋದು ನೋಡಿದ್ರ ಹೊಟ್ಟ್ಯಾಗ ಬೆಂಕಿ ಬೀಳ್ತೈತಿ ನೋಡು. ನನಗ ಏನೂ ಆಗಿಲ್ಲ ಅಂತ ಡಾಕ್ಟ್ರ ಕಡಿಂದ ಒಂದು ಕಾಗದ ಬರೆಸಿಕೊಡು."

ನನಗೆ ತುಂಬಾ ಕೆಟ್ಟೆನಿಸಿತು. ಹೊಸ ಮಷೀನಿಗೆ ಬಟ್ಟೆ ಮುಚ್ಚಿ, ಅಂಗಡಿ ಬಿಟ್ಟು ಅವಳ ಜೊತೆ ಹೋದೆ.

ನಮ್ಮ ಡಾಕ್ಟರ್ ಮುಬಶ್ಶಿರ ಸಾಹೇಬರು ಒಳ್ಳೆಯ ಮನುಷ್ಯರು. ಕಂಪ್ಯೂಟರ್ ಬಂದ ಮೇಲೆ ಅವರು ರೋಗಿಯ ನಾಲಿಗೆ ನೋಡುವುದನ್ನು ಬಿಟ್ಟು ಪರದೆ ನೋಡುತ್ತಾರೆ ಎಂಬ ದೂರು ಇದೆಯಾದರೂ, ಪರದೆಯನ್ನು ಬಹಳ ಕರುಣೆಯಿಂದ ನೋಡುತ್ತಾರೆ. ಅಂಜಿನಕ್ಕನನ್ನು ಕೂರಿಸಿ, ಎದೆ, ನಾಡಿ, ಕಣ್ಣು ಎಲ್ಲವನ್ನೂ ಪರೀಕ್ಷೆ ಮಾಡಿದರು.

"ಅಂಜಿನಕ್ಕ, ನೀವು ಕಲ್ಲುಗುಂಡಿನಂಗ ಅದೀರಿ. ಆದ್ರ ಅದು ನನ್ನ ವೈಯಕ್ತಿಕ ಅಭಿಪ್ರಾಯ."

"ನೀವು ಡಾಕ್ಟ್ರಲ್ಲೇನ್ರಿ?"

"ಡಾಕ್ಟರ್ ಹೌದು. ಆರೋಗ್ಯದ ಪ್ರಮಾಣಪತ್ರ ಕೊಡೋದು ನಾನಲ್ಲ, ಸಿಸ್ಟಂ ಕೊಡ್ತೈತಿ. ಹೆಸರಿನ್ಯಾಗ ಒಂದು ರೋಗ ಬಾಕಿ ಇದ್ರೂ ಅದು ಕೊಡಂಗಿಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿ ಕೊಡಲು ಸಿದ್ಧನಿದ್ದ. ಸಂಗೀತಾ ರೋಗಗಳನ್ನು ಮುಕ್ತಾಯಗೊಳಿಸುವ ಪುಟ ತೆರೆದಳು. ಅಲ್ಲಿ ಮೂರು ಆಯ್ಕೆಗಳಿದ್ದವು: ಗುಣಮುಖ, ಖಾತೆ ಬದಲಾವಣೆ, ಮರಣ. ಕೆಮ್ಮು ಮತ್ತು ನಾಯಿ ಕಡಿತ ಸುಲಭವಾಗಿ ಗುಣಮುಖವಾದವು. ಸಕ್ಕರೆ ಕಾಯಿಲೆಗೆ ಗುಣಮುಖ ಒತ್ತಿದರೆ ಕಂಪ್ಯೂಟರ್ ಒಪ್ಪಲಿಲ್ಲ, 'ಈ ರೋಗ ವಾಸಿಯಾಗುವುದಿಲ್ಲ' ಎಂದಿತು. ದಮ್ಮಿಗೂ ಅದೇ ಉತ್ತರ.

"ಮರಣ ಒತ್ತಿದ್ರೆ ಎಲ್ಲಾ ಒಂದೇ ಸಲ ಕ್ಲೋಸ್ ಆಗ್ತಾವೆ ಸರ್," ಎಂದಳು ಸಂಗೀತಾ. ಹುಡುಗಿಯ ದನಿಯಲ್ಲಿ ನಿಜವಾದ ಕಾಳಜಿ ಇತ್ತು.

ಈ ಪ್ರಸ್ತಾವವನ್ನು ಯಾರೂ ಹಗುರವಾಗಿ ತಳ್ಳಿಹಾಕಲಿಲ್ಲ. ಹೆಡ್‌ಮಾಸ್ತರರಿಗೆ ಫೋನ್ ಮಾಡಿ, ಮೃತರಾದವರು ಅಡುಗೆ ಕೆಲಸದಲ್ಲಿ ಮುಂದುವರಿಯಲು ಅವಕಾಶವಿದೆಯೇ ಎಂದು ಕೇಳಲಾಯಿತು. ಮೃತರಿಗೆ ರೋಗವಿರುವುದಿಲ್ಲವಾದ್ದರಿಂದ ಆ ದೃಷ್ಟಿಯಿಂದ ತಮ್ಮ ಆಕ್ಷೇಪಣೆ ಇಲ್ಲವೆಂದೂ, ಆದರೆ ಹಾಜರಾತಿಯ ಸಮಸ್ಯೆ ಬರಬಹುದೆಂದೂ ಅವರು ತಿಳಿಸಿದರು.

"ಬ್ಯಾಡವಾ," ಎಂದಳು ಅಂಜಿನಕ್ಕ. "ಸಾಯೋದು ನನಗೂ ಒಂದಿನ ಐತಿ. ಈಗ ಹುಡುಗರ ಊಟದ ಹೊತ್ತು."

ಉಳಿದದ್ದು ಖಾತೆ ಬದಲಾವಣೆ. ಅಂದರೆ ರೋಗದ ನಿಜವಾದ ವಾರಸುದಾರರು ಬಂದು, ಇದು ತಮ್ಮದೆಂದು ಒಪ್ಪಿ ಬಿಡಿಸಿಕೊಂಡು ಹೋಗಬೇಕು. ಸುದ್ದಿ ತಿಳಿದು ಮರುದಿನ ಅಗಸಿ ಓಣಿಗೆ ಓಣಿಯೇ ಟ್ರ್ಯಾಕ್ಟರ್ ಹತ್ತಿ ಹಳ್ಳ ದಾಟಿ ಬಂತು. ನಮ್ಮ ಆಸ್ಪತ್ರೆ ತನ್ನ ರೋಗಿಗಳನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಅಂಜಿನಕ್ಕನನ್ನು ಒಲೆಯ ಮುಂದಿನಿಂದ ಎಬ್ಬಿಸಿದ್ದಕ್ಕೆ ಅವರೆಲ್ಲರಿಗೂ ನೋವಾಗಿತ್ತು. ತಮ್ಮ ಮೋಟರ್ ಅಂಗಡಿಗೆ ಬೀಗ ಹಾಕಿ ಬಂದಿದ್ದ ಯೂಸುಫ್ ಸಾಬರು ಎಲ್ಲರಿಗಿಂತ ಮುಂದೆ ನಿಂತಿದ್ದರು.

"ಬೇಟಿ, ದಮ್ಮು ನಂದು. ಈ ಹೆಣ್ಣುಮಗಳ ಮ್ಯಾಲೆ ಯಾಕ ಹೊರಿಸೀರಿ? ಕಸಂ ಮಾಡಿ ಹೇಳ್ತೀನಿ, ನನ್ನ ದಮ್ಮು ನನಗ ಕೊಡ್ರಿ," ಎಂದು ಕೆಮ್ಮಿದರು. ಕೆಮ್ಮು ಅಂಜಿನಕ್ಕ ಮಾಡಿ ತೋರಿಸುತ್ತಿದ್ದಷ್ಟು ಚೆನ್ನಾಗಿರಲಿಲ್ಲ, ಆದರೂ ಅಸಲಿಯಾಗಿತ್ತು.

ಸಂಗೀತಾ ಯೂಸುಫ್ ಸಾಬರ ಮುಖವನ್ನು ಕ್ಯಾಮೆರಾಕ್ಕೆ ಹಿಡಿದಳು. ಪರದೆ ಹಸಿರಾಯಿತು. 'ಅಭಿನಂದನೆಗಳು. ನೀವು ಇದುವರೆಗೆ ಯಾವುದೇ ಔಷಧ ಪಡೆಯದ ಸಂಪೂರ್ಣ ಆರೋಗ್ಯವಂತ ನಾಗರಿಕರು.' ಪಕ್ಕದ ಯಂತ್ರದಿಂದ ಯೂಸುಫ್ ಸಾಬರ ಹೆಸರಿನ ಒಂದು ಪ್ರಶಂಸಾಪತ್ರವೂ ಹೊರಗೆ ಬಂತು. ಅವರು ಅದನ್ನು ಹಿಡಿದುಕೊಂಡು ಉಸಿರೆಳೆಯಲು ಬಾಗಿಲಿನ ಕಡೆ ಹೋದರು. ಒಬ್ಬೊಬ್ಬರಾಗಿ ಓಣಿಯವರೆಲ್ಲ ಆರೋಗ್ಯವಂತರೆಂದು ಸಾಬೀತಾಯಿತು. ಕುಂಟುತ್ತ ಬಂದವರು ಪ್ರಶಂಸಾಪತ್ರದೊಂದಿಗೆ ಕುಂಟುತ್ತ ಹೋದರು.

ಆದರೂ ಅರ್ಜಿ ಅರ್ಜಿಯೇ. ನಿಯಮದ ಪ್ರಕಾರ ಗೇಟಿಗೆ ನೋಟಿಸು ಅಂಟಿಸಲಾಯಿತು. ಇಂಥದ್ದಕ್ಕೆ ಮಾದರಿ ಆರೋಗ್ಯ ಇಲಾಖೆಯಲ್ಲಿ ಇರದ ಕಾರಣ, ಹೊಲಮನೆಯ ಖಾತೆಗೆ ಬಳಸುವ ಹಳೆಯ ಮಾದರಿಯನ್ನು ನಾನೇ ನನ್ನ ಅಂಗಡಿಯಿಂದ ಒದಗಿಸಿದೆ:

'ಸಾರ್ವಜನಿಕ ಪ್ರಕಟಣೆ. ಅಂಜಿನಕ್ಕ ಕೋಂ ಬೊಮ್ಮಯ್ಯ ಇವರ ಹೆಸರಿನಲ್ಲಿರುವ ದಮ್ಮು ತಮ್ಮ ಸ್ವಯಾರ್ಜಿತವೆಂದು ಅಗಸಿ ಓಣಿ ವಾಸಿ ಯೂಸುಫ್ ಸಾಬ್ ಇವರು ಹಕ್ಕು ಮಂಡಿಸಿರುತ್ತಾರೆ. ಸದರಿ ದಮ್ಮಿನ ಚಕ್ಕುಬಂದಿ: ಮೇಲಕ್ಕೆ ಗಂಟಲು, ಕೆಳಕ್ಕೆ ಹೊಟ್ಟೆ, ಎಡಕ್ಕೆ ಹೃದಯ, ಬಲಕ್ಕೆ ಸರ್ಕಾರಿ ಜಾಗ. ಈ ಬಗ್ಗೆ ಯಾರಿಗಾದರೂ ತಕರಾರು ಇದ್ದಲ್ಲಿ ಕಚೇರಿಯ ವೇಳೆಯಲ್ಲಿ ಲಿಖಿತವಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ದಮ್ಮು ವರ್ಗಾಯಿಸಲಾಗುವುದು.'

ಓಣಿಯಿಂದ ಯಾವ ತಕರಾರೂ ಬರಲಿಲ್ಲ. ತಕರಾರು ಬಂದದ್ದು ಮೇಲಿನಿಂದ. ವಿಭಾಗೀಯ ದತ್ತಾಂಶಾಧಿಕಾರಿಗಳು ಖುದ್ದಾಗಿ ಜೀಪಿನಲ್ಲಿ ಬಂದರು. ಡಾಕ್ಟರರ ಕುರ್ಚಿಯಲ್ಲಿ ಕುಳಿತು, ತಣ್ಣಗೆ ಎಳನೀರು ಕುಡಿದು, ಅಂಜಿನಕ್ಕ, ಸಂಗೀತಾ, ಡಾಕ್ಟರು ಮತ್ತು ಕೋರಮ್ಮಿಗಾಗಿ ನಾನು, ಇಷ್ಟು ಜನರ ಸಮ್ಮುಖದಲ್ಲಿ ವಿಚಾರಣೆ ಆರಂಭಿಸಿದರು.

ಸಂಗೀತಾ ಆ ದಿನ ಧೈರ್ಯ ಮಾಡಿದಳೆಂದು ನಾನು ದಾಖಲಿಸಲೇಬೇಕು. "ಸರ್, ತಪ್ಪು ನಂದು. ಯಾರಿಗೆ ಅಂತ ಬರೆಯೋಕೆ ಖಾನೆ ಇರಲಿಲ್ಲ, ಖಾಲಿ ಬಿಟ್ರೆ ನನ್ನ ಗುತ್ತಿಗೆ ಹೋಗ್ತಿತ್ತು. ಅದಕ್ಕೆ ಅಕ್ಕನ ಹೆಸರಿಗೆ ತುಂಬಿಬಿಟ್ಟೆ. ದತ್ತಾಂಶನೇ ತಪ್ಪೈತೆ ಸರ್," ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಅಧಿಕಾರಿಗಳು ಮುಗುಳ್ನಕ್ಕರು. "ಅಳಬೇಡಮ್ಮ. ದತ್ತಾಂಶ ತಪ್ಪಾಗಿಲ್ಲ. ಪರಿಸ್ಥಿತಿ ದತ್ತಾಂಶಕ್ಕೆ ಅನುಗುಣವಾಗಿಲ್ಲ, ಅಷ್ಟೆ. ನೋಡಿ, ಈಕೆಯೊಬ್ಬಳನ್ನು ಬಿಟ್ಟರೆ ಅಗಸಿ ಓಣಿ ಐದೂ ತಾಲ್ಲೂಕಿನಲ್ಲಿ ಏಕೈಕ ರೋಗಮುಕ್ತ ಓಣಿ. ರಾಜಧಾನಿಗೆ ವರದಿ ಹೋಗಿ ಆಗಿದೆ. ಓಣಿಯಲ್ಲಿ ನೆಡಲು 'ರೋಗಮುಕ್ತ ಓಣಿ' ಎಂಬ ಕಲ್ಲನ್ನೂ ಕೆತ್ತಿಸಲು ಕೊಟ್ಟಿದ್ದೇವೆ. ಈಗ ರೋಗಗಳನ್ನು ವಾಪಸು ಹಂಚಿದರೆ ಓಣಿಯೊಂದರಲ್ಲಿ ಒಂದೇ ದಿನ ಸಾಂಕ್ರಾಮಿಕ ಹಬ್ಬಿದಂತೆ ಆಗುತ್ತದೆ. ಮಾಲಾ ಎಂಬಾಕೆ ಒಮ್ಮೆಲೇ ಎಂಟು ತಿಂಗಳ ಗರ್ಭಿಣಿಯಾದರೆ ನಾನು ಏನೆಂದು ವಿವರಣೆ ಕೊಡಲಿ?"

ಡಾಕ್ಟರು ವಿವರಣೆಗಾಗಿ ಪರದೆಯ ಕಡೆ ನೋಡಿದರು.

"ಹಂಗಾರ ನನ್ನ ಅಡಿಗಿ ಕೆಲಸ?" ಎಂದಳು ಅಂಜಿನಕ್ಕ.

ಅಧಿಕಾರಿಗಳು ಯೋಚನೆ ಮಾಡಿದರು. ಅವರು ಕಲ್ಲು ಮನಸ್ಸಿನವರಲ್ಲ. "ನಿಮ್ಮ ಅನುಭವವನ್ನು ವ್ಯರ್ಥ ಮಾಡಲು ಸರ್ಕಾರ ಬಯಸುವುದಿಲ್ಲ," ಎಂದರು. "ಒಂದು ಓಣಿಯ ಸಮಸ್ತ ರೋಗಗಳನ್ನು ಒಬ್ಬರೇ ವ್ಯವಸ್ಥಿತವಾಗಿ ನಿರ್ವಹಿಸುವುದು ಕ್ರಾಂತಿಕಾರಿ ಮಾದರಿ. ಆಸ್ಪತ್ರೆಯಲ್ಲಿ ನೂಕುನುಗ್ಗಲಿಲ್ಲ, ದಾಖಲೆ ಒಂದೇ ಕಡೆ." ಹಾ ಹೂ ಅನ್ನುವುದರೊಳಗೆ ಅಲ್ಲಿಯೇ ಆದೇಶ ಹೊರಟಿತು. ಪ್ರತಿ ಊರಿಗೂ ಒಂದು 'ಪ್ರತಿನಿಧಿ ರೋಗಿ' ಹುದ್ದೆ. ಅಭ್ಯರ್ಥಿಯು ಸದೃಢ ಆರೋಗ್ಯ ಹೊಂದಿರಬೇಕು, ದೂರ ನಡೆಯಬಲ್ಲವರಾಗಿರಬೇಕು, ರೋಗಲಕ್ಷಣಗಳನ್ನು ಮನಮುಟ್ಟುವಂತೆ ವಿವರಿಸಬಲ್ಲವರಾಗಿರಬೇಕು. ಸೇವಾವಧಿಯಲ್ಲಿ ಸ್ವಂತ ರೋಗ ಬರಿಸಿಕೊಂಡಲ್ಲಿ ಸೇವೆಯಿಂದ ವಜಾ ಮಾಡಲಾಗುವುದು. ಮೊದಲ ನೇಮಕ ಅಂಜಿನಕ್ಕನದು. ಪಗಾರ ಅಡುಗೆಯವಳ ಪಗಾರದಷ್ಟೇ.

"ಪಗಾರ ಸರಿ," ಎಂದಳು ಅಂಜಿನಕ್ಕ. "ಒಲಿ ಯಾವಾಗ ಕೊಡ್ತೀರಿ?"

"ರೋಗಿಯು ಅಡುಗೆ ಮಾಡುವಂತಿಲ್ಲವಲ್ಲಮ್ಮ," ಎಂದು ಅಧಿಕಾರಿಗಳು ಜೀಪು ಹತ್ತಿದರು.

ಅಂಜಿನಕ್ಕನಿಗೆ ಒಂದು ಗುರುತಿನ ಚೀಟಿ ಬಂತು, ಕೊರಳಿಗೆ ಹಾಕಿಕೊಳ್ಳಲು ನೀಲಿ ದಾರವೂ ಬಂತು. ಆದರೆ ಅವಳ ಮುಖದಲ್ಲಿ ಗೆಲುವಿರಲಿಲ್ಲ. ಓಣಿಯ ಗುಳಿಗೆ ತೆಗೆದುಕೊಂಡ ಮೇಲೂ ಶಾಲೆಯ ಗೋಡೆಯಾಚೆ ನಿಂತು ಸಾರಿನ ವಾಸನೆ ನೋಡುವಳು. ಒಗ್ಗರಣೆ ಹೊತ್ತಿದ ವಾಸನೆ ಬಂದರೆ ಸಂಕಟಪಡುವಳು. ಒಳಗೆ ಹೊನ್ನೂರಮ್ಮನ ಪಾಡೂ ಅಷ್ಟೇ ಆಗಿತ್ತು. ಕಜ್ಜಿ ಕೈಗೆ ಉಪ್ಪು ಖಾರ ತಾಗಿ ಉರಿ ತಡೆಯಲಾರದೆ, ದಿನಾ ಒಲೆಯ ಮುಂದೆ ಕಣ್ಣೀರು ಹಾಕುತ್ತಿದ್ದಳು.

ಕೊನೆಗೆ ದಾರಿ ತೋರಿಸಿದ್ದು ಹೊನ್ನೂರಮ್ಮನೇ. ಒಂದು ದಿನ ಅವಳು ಗೋಡೆಯ ಹತ್ತಿರ ಬಂದು, "ಲೇ ಅಂಜಿನಿ, ನನ್ನ ರೋಗ ನೀನು ಹೊತ್ಕೊಂಡು ತಿರುಗಾಕತ್ತಿ. ನನ್ನ ಅಡಿಗಿ ಹೊರಾಕ ಏನಾಗೇತಿ ನಿನಗ? ಒಳಗ ಬಾ," ಎಂದಳು.

ಇದರಲ್ಲಿ ಹೊಸದೇನೂ ಇರಲಿಲ್ಲ. ನಮ್ಮೂರಿನ ಪದ್ಧತಿಯೇ ಅದು, ಒಬ್ಬರ ಪರವಾಗಿ ಇನ್ನೊಬ್ಬರು ಹೋಗುವುದು. ಶಾಲೆಯಲ್ಲೂ ಹಾಜರಾತಿಗೆ ಮುಖ ತೋರಿಸುವ ಯಂತ್ರವಿದೆ. ಬೆಳಿಗ್ಗೆ ಹೊನ್ನೂರಮ್ಮ ಅದಕ್ಕೆ ಮುಖ ತೋರಿಸಿ, ಕೈಗೆ ಮುಲಾಮು ಹಚ್ಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಾಳೆ. ಅಂಜಿನಕ್ಕ ಒಳಗೆ ಅಡುಗೆ ಮಾಡುತ್ತಾಳೆ. ಮಧ್ಯಾಹ್ನ ಅಂಜಿನಕ್ಕ ಆಸ್ಪತ್ರೆಯ ಕ್ಯಾಮೆರಾಕ್ಕೆ ಮುಖ ತೋರಿಸಿ ಹೊನ್ನೂರಮ್ಮನ ಮುಲಾಮು ತರುತ್ತಾಳೆ. ಹೀಗೆ ರೋಗವಿರುವವಳು ದಾಖಲೆಯಲ್ಲಿ ಅಡುಗೆಯವಳು, ಅಡುಗೆ ಮಾಡುವವಳು ದಾಖಲೆಯಲ್ಲಿ ರೋಗಿ. ಹೆಡ್‌ಮಾಸ್ತರರು ಒಂದು ದಿನ ಅಕಸ್ಮಾತ್ತಾಗಿ ಒಳಗೆ ಬಂದು, ಅಂಜಿನಕ್ಕ ಸೌಟು ಹಿಡಿದದ್ದನ್ನು ನೋಡಿ, ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡು, "ಹೊನ್ನೂರಮ್ಮ, ಇವತ್ತು ಸಾರು ಚಲೋ ಆಗೇತಿ," ಎಂದು ಹೊರಗೆ ಹೋದರು. ಇತ್ತ ಮಾಲಾ ತವರಿನಲ್ಲಿ ಹೆತ್ತು, ಅಂಜಿನಕ್ಕನ ಹೆಸರಿನಲ್ಲಿದ್ದ ಬಸುರು ಸುಖವಾಗಿ ಮುಕ್ತಾಯವಾಯಿತು. ಬೊಮ್ಮಯ್ಯ ಓಣಿಗೆಲ್ಲ ಸಕ್ಕರೆ ಹಂಚಿದ.

ಆ ವರ್ಷ ಐದು ತಾಲ್ಲೂಕುಗಳ ಅತ್ಯುತ್ತಮ ಬಿಸಿಯೂಟಕ್ಕೆ ನಮ್ಮ ಶಾಲೆಯ ಹೊನ್ನೂರಮ್ಮ ಆಯ್ಕೆಯಾದಳು. ಪ್ರಶಸ್ತಿ ಪ್ರದಾನ ಹಗರಿಬೊಮ್ಮನಹಳ್ಳಿಯಲ್ಲಿ, ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳ ಜಂಟಿ ಸಮಾರಂಭದಲ್ಲಿ. ಹೊನ್ನೂರಮ್ಮನಿಗೆ ಬಸ್ಸಿನಲ್ಲಿ ಕೂತರೆ ವಾಂತಿ. ಸಹಜವಾಗಿಯೇ ಅವಳ ಪರವಾಗಿ ಅಂಜಿನಕ್ಕ ಹೊರಟಳು. ಅವಳ ಜೊತೆ ಸಮಿತಿಯ ಪರವಾಗಿ ನಾನೂ ಹೋದೆ.

ಮಂಟಪದ ಬಾಗಿಲಲ್ಲಿ ಮುಖ ತೋರಿಸಿ ಒಳಗೆ ಹೋಗಬೇಕಿತ್ತು. ಅಂಜಿನಕ್ಕ ತೋರಿಸಿದ ಕೂಡಲೇ ಪರದೆ ಕೆಂಪಾಗಿ ಗಂಟೆ ಬಾರಿಸಿತು. ಐದು ತಾಲ್ಲೂಕಿನ ಅತ್ಯಂತ ಅಪಾಯದ ರೋಗಿ ಬಂದಿದ್ದಾಳೆಂದು ನಾಲ್ಕು ಜನ ಓಡಿ ಬಂದರು. ಅವಳು ಬೇಡ ಬೇಡವೆಂದರೂ ಗಾಲಿಕುರ್ಚಿಯಲ್ಲಿ ಕೂರಿಸಿ, ಮೊಣಕಾಲಿಗೆ ಶಾಲು ಹೊದಿಸಿ, ನಿಧಾನವಾಗಿ ತಳ್ಳಿಕೊಂಡು ವೇದಿಕೆಗೆ ತಂದರು. ಇಷ್ಟೆಲ್ಲ ರೋಗವಿದ್ದರೂ ಗೆಳತಿಯ ಪ್ರಶಸ್ತಿ ಪಡೆಯಲು ಬಂದ ಮಹಾತಾಯಿ ಎಂದು ನಿರೂಪಕರು ಗದ್ಗದಿತರಾಗಿ ಹೇಳಿದರು. ಸಭೆಯಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಕರವಸ್ತ್ರ ತೆಗೆದೆ, ಯಾಕೆಂದು ತಿಳಿಯಲಿಲ್ಲ.

ಬಹುಮಾನ ಒಂದು ದೊಡ್ಡ ಸ್ಟೀಲಿನ ಪಾತ್ರೆ. ಇಬ್ಬರು ಅದನ್ನು ಎತ್ತಲಾರದೆ ಎತ್ತಿ ತರುತ್ತಿರುವುದನ್ನು ನೋಡಿ ಅಂಜಿನಕ್ಕನಿಗೆ ತಡೆಯಲಾಗಲಿಲ್ಲ. ಶಾಲು ಸರಿಸಿ ಎದ್ದು, ಪಾತ್ರೆಯನ್ನು ಒಬ್ಬಳೇ ಕಂಕುಳಿಗೆ ಏರಿಸಿಕೊಂಡು, ಸಭೆಗೆ ಕೈಯೆತ್ತಿ ನಮಸ್ಕಾರ ಮಾಡಿದಳು. ಆಮೇಲೆ ಬಿದ್ದ ಚಪ್ಪಾಳೆ ಬೀದಿಯವರೆಗೆ ಕೇಳಿಸಿತಂತೆ. ಇದು ದತ್ತಾಂಶ ಆಧಾರಿತ ಚಿಕಿತ್ಸೆಯ ಫಲ ಎಂದು ದತ್ತಾಂಶಾಧಿಕಾರಿಗಳು ಮೈಕಿನಲ್ಲಿ ಘೋಷಿಸಿದರು. ಮುಂದಿನ ಸಾಲಿನಲ್ಲಿದ್ದ ಸಂಗೀತಾ ಇದಕ್ಕೆ ಹೊಂದುವ ಬೇರೆ ಖಾನೆ ಇರದ ಕಾರಣ, ಫೋನಿನಲ್ಲೇ 'ಸುಧಾರಣೆ ಕಂಡುಬಂದಿದೆ' ಎಂದು ತುಂಬಿದಳು. ಅವಳ ಗುತ್ತಿಗೆ ಅಲ್ಲಿಯೇ ನವೀಕರಣವಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅಂಜಿನಕ್ಕ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಅದರ ಮೇಲೆ ಹೊನ್ನೂರಮ್ಮನ ಹೆಸರು ಕೊರೆದಿತ್ತು.

"ನಿನ್ನ ಹೆಸರು ಬರಲಿಲ್ಲ ಅಂತ ಬ್ಯಾಸರ ಆತೇನು ಅಂಜಿನಕ್ಕ?" ಎಂದೆ.

ಅವಳು ಪಾತ್ರೆಯ ಅಂಚನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ತಳ ಗಟ್ಟಿ ಇದೆಯೇ ಎಂದು ಒತ್ತಿ ನೋಡಿದಳು.

"ಆತು. ಸುಳ್ಳು ಯಾಕ ಹೇಳಲಿ," ಎಂದಳು. ಪಾತ್ರೆಯನ್ನು ನನ್ನ ಕಡೆ ವಾಲಿಸಿದಳು. "ಆದ್ರ ತಳ ದಪ್ಪ ಐತಿ ನೋಡು, ಸಾರು ಸೀಯಂಗಿಲ್ಲ."

ಮರುದಿನ ಹೊನ್ನೂರಮ್ಮ ಯಂತ್ರಕ್ಕೆ ಮುಖ ತೋರಿಸಿದ ಮೇಲೆ, ಹುಡುಗರು ಆ ಪಾತ್ರೆಯ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡರು.